ತೀರ್ಪು ಮತ್ತು ಕೃಪೆ: ದಾವಣಗೆರೆಯ ಲೆಂಟ್ ಪ್ರಸಂಗಮಾಲೆಯೊಂದರ ವಿಮರ್ಶೆ

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದ ಬುಧವಾರ ಸಂಜೆಗಳಲ್ಲಿ ದಾವಣಗೆರೆಯ ಹಳೆಯ ಊರಿನ ಭಾಗದಲ್ಲಿರುವ ಒಂದು ಚಿಕ್ಕ ಕ್ರೈಸ್ತ ಸಭೆಯವರು ದೇವರ ನ್ಯಾಯತೀರ್ಪು ಮತ್ತು ಕೃಪೆ ಎಂಬ ವಿಷಯವಾಗಿ ಪ್ರಸಂಗಮಾಲೆಯೊಂದನ್ನು, ಅಂದರೆ ಉಪದೇಶಗಳ ಸರಣಿಯೊಂದನ್ನು, ನಡೆಸಿದರು. ಸತ್ಯವೇದದಿಂದ (ಬೈಬಲಿನಿಂದ) ಆರು ಭಾಗಗಳನ್ನು ಆರಿಸಿಕೊಂಡು ಒಬ್ಬರೇ ಉಪದೇಶಕರು ಮೊದಲಿನಿಂದ ಕೊನೆಯವರೆಗೂ ಮಾತನಾಡಿದರು. ತಮ್ಮ ಹೆಸರಾಗಲಿ ಸಭೆಯ ಹೆಸರಾಗಲಿ ಪ್ರಚಾರವಾಗಬಾರದೆಂದು ಅವರು ಕೇಳಿಕೊಂಡಿರುವುದರಿಂದ ಎರಡನ್ನೂ ಇಲ್ಲಿ ಬಿಟ್ಟಿದ್ದೇನೆ. ಹೋಟೆಲು, ಆಸ್ಪತ್ರೆ, ಬಟ್ಟೆ ಅಂಗಡಿ ಎಲ್ಲದರ ಬಗೆಗೂ ಅಭಿಪ್ರಾಯ ಬರೆಯುವ ನಾವು, ಆತ್ಮದ ಸಂಗತಿಯನ್ನು ನಂಬಿ ಒಪ್ಪಿಸುವ ಪ್ರಸಂಗವೇದಿಕೆಯ ಬಗ್ಗೆ ಮಾತ್ರ ಏನನ್ನೂ ಬರೆಯುವುದಿಲ್ಲ. ಬೆರೋಯ ಪಟ್ಟಣದ ಜನರು ಅಪೊಸ್ತಲನಾದ ಪೌಲನ ಮಾತನ್ನೇ ಪ್ರತಿದಿನ ಶಾಸ್ತ್ರಗ್ರಂಥಗಳೊಡನೆ ಒರೆಹಚ್ಚಿ ನೋಡಿದರೆಂದು ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯ ಮೆಚ್ಚುಗೆಯಿಂದಲೇ ಹೇಳುತ್ತದೆ. ಅದೇ ಮನಸ್ಸಿನಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಈ ವಿಷಯ ಕಿವಿಗೆ ಬೀಳುವ ಬಗೆ ಸಾಮಾನ್ಯವಾಗಿ ಎರಡು. ಮೈದಾನದಲ್ಲಿ ಶಾಮಿಯಾನ ಹಾಕಿ ನಡೆಸುವ ಉಜ್ಜೀವನ ಕೂಟಗಳಲ್ಲಿ ತೀರ್ಪಿನ ಮಾತು ಬರುತ್ತದೆ. ಆದರೆ ಅದು ಹೆಚ್ಚಾಗಿ ಅಲ್ಲಿ ಇಲ್ಲದವರ ಮೇಲೆ ಬೀಳುತ್ತದೆ, ಕೇಳುವವರ ಪಾಲಿಗೆ ಉಳಿಯುವುದು ಬರೀ ಹೆದರಿಕೆ. ಇನ್ನೊಂದು ಕಡೆ, ಭಾನುವಾರದ ಆರಾಧನೆಯಲ್ಲಿ ಯಾರ ಮನಸ್ಸೂ ನೋಯಬಾರದೆಂಬ ಎಚ್ಚರದಿಂದ ಕೃಪೆಯೊಂದನ್ನೇ ಹೇಳಿ ಹೇಳಿ, ಯಾವುದರಿಂದ ಬಿಡಿಸುವ ಕೃಪೆ ಎಂಬುದೇ ಕೇಳುವವರಿಗೆ ಮರೆತುಹೋಗಿರುತ್ತದೆ. ತೀರ್ಪನ್ನು ತಗ್ಗಿಸಿ ಹೇಳುವವರು ಕೃಪೆಯನ್ನು ಹೆಚ್ಚಿಸುತ್ತಿದ್ದೇವೆಂದು ಭಾವಿಸುತ್ತಾರೆ, ಆದರೆ ತಪ್ಪೇ ಇಲ್ಲದ ಕಡೆ ಕ್ಷಮೆಗೆ ಕೆಲಸವೇನಿದೆ? ಹಾಗೆಯೇ, ಕೃಪೆಯ ಬಾಗಿಲನ್ನು ತೋರಿಸದೆ ತೀರ್ಪನ್ನು ಮಾತ್ರ ಸಾರುವವರು ಪ್ರವಾದಿಗಳ ಮಾತನ್ನು ಅರ್ಧಕ್ಕೆ ನಿಲ್ಲಿಸಿರುತ್ತಾರೆ. ಈ ಪ್ರಸಂಗಮಾಲೆಯನ್ನು ನಾನು ಅಳೆದದ್ದು ಇದೊಂದೇ ಅಳತೆಯಿಂದ: ತೀರ್ಪು ಮತ್ತು ಕೃಪೆ ಒಂದೇ ವಾಕ್ಯಭಾಗದಿಂದ, ಒಂದೇ ಸಂಜೆಯಲ್ಲಿ, ಅಲ್ಲಿ ಕುಳಿತಿದ್ದ ನಮಗೇ ಬಂದವೇ ಎಂಬುದು. ಬಹುಪಾಲು ಬಂದವು. ಕೊನೆಯ ಎರಡು ಸಂಜೆಗಳಲ್ಲಿ ಮಾತ್ರ ಹಿಡಿತ ಸಡಿಲವಾಯಿತು.

ಮೊದಲ ಸಂಜೆಯ ಭಾಗ ವಿಮೋಚನಕಾಂಡ 34. ಜನರು ಚಿನ್ನದ ಬಸವನನ್ನು ಮಾಡಿ ಕುಣಿದ ಮೇಲೆ ದೇವರು ಮೋಶೆಯ ಮುಂದೆ ತನ್ನ ಹೆಸರನ್ನು ಸಾರುವ ಸಂದರ್ಭ ಅದು. ಕನಿಕರವೂ ದಯೆಯೂ ಉಳ್ಳವನು, ಕೋಪದಲ್ಲಿ ನಿಧಾನಿ ಎಂದು ಆರಂಭವಾಗುವ ಮಾತು, ಅಪರಾಧವನ್ನು ಹಾಗೆಯೇ ಬಿಟ್ಟುಬಿಡುವವನಲ್ಲ ಎಂದು ಮುಂದುವರಿಯುತ್ತದೆ. ಎರಡೂ ಬೇರೆಬೇರೆ ದೇವರ ಮಾತಲ್ಲ, ಹಳೆಯ ಒಡಂಬಡಿಕೆಗೊಂದು ಹೊಸದಕ್ಕೊಂದು ಎಂದು ಹಂಚಿಕೊಟ್ಟ ಗುಣಗಳೂ ಅಲ್ಲ, ದೇವರು ತನ್ನನ್ನು ತಾನೇ ಪರಿಚಯಿಸಿಕೊಂಡ ಒಂದೇ ಮಾತಿನ ಎರಡು ಭಾಗಗಳು ಎಂದು ಉಪದೇಶಕರು ಸರಿಯಾಗಿ ತೋರಿಸಿಕೊಟ್ಟರು. ತಂದೆಗಳ ದೋಷವನ್ನು ಮೂರು ನಾಲ್ಕು ತಲೆಗಳವರೆಗೆ ವಿಚಾರಿಸುವನೆಂಬ ಸಾಲು ಬಂದಾಗ ಮಾತ್ರ ಅವರು ಮುಂದೆ ಸಾಗಿಬಿಟ್ಟರು. ಮನೆಯಲ್ಲೊಂದು ಕಷ್ಟ ಬಂದರೆ ಹಿರಿಯರ ಪಾಪವೆಂದು ಹೇಳುವ ಜನರಿರುವ ಊರಿನಲ್ಲಿ, ಮಗನು ತಂದೆಯ ದೋಷಫಲವನ್ನು ಹೊರುವುದಿಲ್ಲವೆನ್ನುವ ಯೆಹೆಜ್ಕೇಲ 18ನೆಯ ಅಧ್ಯಾಯವನ್ನು ಆ ಸಂಜೆಯೇ ಓದಿಸಬೇಕಿತ್ತು.

ಎರಡನೆಯ ಬುಧವಾರದ ಆಮೋಸನ ಪ್ರಸಂಗ ಈ ಮಾಲೆಯ ನಿಜವಾದ ಆರಂಭ. ತೆಕೋವದ ಕುರಿಗಾಹಿ, ಅತ್ತಿಹಣ್ಣು ಕೀಳುತ್ತಿದ್ದವನು, ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಹೋಗಿ ಬೇತೇಲಿನ ಪೂಜಾಸ್ಥಳದಲ್ಲಿ ನಿಂತು ಮಾತಾಡಿದ ಕ್ರಮವನ್ನು ಉಪದೇಶಕರು ಬಿಡಿಸಿಟ್ಟ ರೀತಿ ಬಹಳ ಚೆನ್ನಾಗಿತ್ತು. ಆಮೋಸನು ಇಸ್ರಾಯೇಲಿನಿಂದ ಆರಂಭಿಸುವುದಿಲ್ಲ. ದಮಸ್ಕದ ಪಾಪ, ಗಾಜದ ಪಾಪ, ತೂರಿನ ಪಾಪ, ಎದೋಮ್, ಅಮ್ಮೋನ್, ಮೋವಾಬ್ ಎಂದು ಸುತ್ತಲಿನವರ ಅನ್ಯಾಯಗಳನ್ನು ಒಂದೊಂದಾಗಿ ಹೇಳುತ್ತಾ ಬರುತ್ತಾನೆ. ಕೇಳುವವರು ತಲೆದೂಗುತ್ತಾ ಹೋಗಿರಬೇಕು. ಆಮೇಲೆ ಯೆಹೂದ. ಆಮೇಲೆ, ಅದೇ ಲಯದಲ್ಲಿ, ಎದುರಿಗೆ ಕುಳಿತ ಇಸ್ರಾಯೇಲ್. ಉಪದೇಶಕರು ಈ ಹೆಸರುಗಳನ್ನು ಓದುವಾಗ ಪ್ರತಿ ಹೆಸರಿಗೂ ಒಂದು ಕ್ಷಣ ನಿಲ್ಲುತ್ತಿದ್ದರು. ಎರಡು ಮೂರು ಕಡೆ ಹಿಂದಿನ ಸಾಲಿನಿಂದ "ಆಮೆನ್" ಬಂತು. ಇಸ್ರಾಯೇಲಿನ ಹೆಸರು ಬಂದಾಗ ಬರಲಿಲ್ಲ. ಅದರ ಬಗ್ಗೆ ಅವರು ಏನೂ ಹೇಳದೆ ನೇರವಾಗಿ 8ನೆಯ ಅಧ್ಯಾಯಕ್ಕೆ ಹೋದರು.

ಆ ಅಧ್ಯಾಯದಲ್ಲಿರುವುದು ವ್ಯಾಪಾರ. ಸಬ್ಬತ್ತೆಂಬ ವಿಶ್ರಾಂತಿಯ ದಿನ ಯಾವಾಗ ಮುಗಿದೀತು, ಧಾನ್ಯ ಯಾವಾಗ ಮಾರೇವು ಎಂದು ಕಾಯುವವರು, ಅಳತೆಯ ಪಾತ್ರೆಯನ್ನು ಕಿರಿದು ಮಾಡಿ ತೂಕದ ಕಲ್ಲನ್ನು ಹಿರಿದು ಮಾಡುವವರು, ಗೋದಿಯ ಜೊತೆ ಅದರ ಕಸವನ್ನೂ ಮಾರುವವರು, ಬಡವನನ್ನು ಒಂದು ಜೊತೆ ಕೆರಕ್ಕೆ ಕೊಂಡುಕೊಳ್ಳುವವರು ಅಲ್ಲಿದ್ದಾರೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿಯ ಕಡೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವ ದಾವಣಗೆರೆಯಲ್ಲಿ ಈ ಮಾತುಗಳಿಗೆ ವಿವರಣೆಯೇ ಬೇಕಿಲ್ಲ. ತೇವಾಂಶದ ಹೆಸರಿನಲ್ಲಿ ತೂಕ ಮುರಿದುಕೊಳ್ಳುವುದು ಎಂದರೇನೆಂದು ಅಲ್ಲಿದ್ದ ಪ್ರತಿಯೊಬ್ಬ ರೈತನಿಗೂ ಗೊತ್ತಿತ್ತು. ಆದರೆ ಉಪದೇಶಕರು ದಲ್ಲಾಳಿಗಳನ್ನು ಬೈದು ಚಪ್ಪಾಳೆ ಗಿಟ್ಟಿಸಲಿಲ್ಲ. ಕೂಲಿಯವರಿಗೆ ಹಬ್ಬದ ಮುಂಚೆ ಲೆಕ್ಕ ಚುಕ್ತಾ ಮಾಡದೆ ಓಡಾಡಿಸುವ ರೈತ, ಮನೆಗೆಲಸದವಳ ಸಂಬಳದಲ್ಲಿ ರಜೆ ಮುರಿದುಕೊಳ್ಳುವ ಶಿಕ್ಷಕಿ, ಗ್ರಾಹಕನಿಗೆ ತೋರಿಸುವ ಮಾಲು ಒಂದು ಕೊಡುವ ಮಾಲು ಒಂದು ಎನ್ನುವ ಅಂಗಡಿಯವನು, ಹೀಗೆ ತಮ್ಮದೇ ಸಭೆಯಲ್ಲಿ ಇರಬಹುದಾದವರನ್ನು ಎದುರಿಗೆ ನಿಲ್ಲಿಸಿದರು. ದೇವರ ತೀರ್ಪು ಎಂಬುದು ಆಕಾಶದಲ್ಲಿ ಎಲ್ಲೋ ನಡೆಯುವ ಸಂಗತಿಯಲ್ಲ, ತಕ್ಕಡಿಯ ಮುಂದೆ ನಿಂತವನ ಕೈಯನ್ನು ನೋಡುವ ಕಣ್ಣು ಎಂಬುದು ಆ ಸಂಜೆ ಎಲ್ಲರಿಗೂ ಮುಟ್ಟಿತು.

ಕೃಪೆಯನ್ನು ಅವರು ಹೊರಗಿನಿಂದ ತಂದು ಅಂಟಿಸಲಿಲ್ಲ ಎಂಬುದು ನನಗೆ ಹೆಚ್ಚು ಹಿಡಿಸಿದ ಅಂಶ. ಆಮೋಸ 7ನೆಯ ಅಧ್ಯಾಯದಲ್ಲಿ ಮಿಡತೆಯ ದರ್ಶನವೂ ಬೆಂಕಿಯ ದರ್ಶನವೂ ಬಂದಾಗ ಈ ಕಠಿಣ ಪ್ರವಾದಿಯೇ "ಯಾಕೋಬನು ಚಿಕ್ಕವನು, ಹೇಗೆ ನಿಂತಾನು?" ಎಂಬರ್ಥದಲ್ಲಿ ಇಸ್ರಾಯೇಲಿಗಾಗಿ ಬೇಡಿಕೊಳ್ಳುತ್ತಾನೆ, ದೇವರು ಎರಡು ಸಲವೂ ಮನಸ್ಸು ತಿರುಗಿಸುತ್ತಾನೆ. ಜನರ ಮುಂದೆ ತೀರ್ಪನ್ನು ಸಾರುವವನು ದೇವರ ಮುಂದೆ ಆ ಜನರ ಪರವಾಗಿ ಅಳಬೇಕು, ಅಳದವನಿಗೆ ಸಾರುವ ಅಧಿಕಾರವಿಲ್ಲ ಎಂದು ಉಪದೇಶಕರು ಹೇಳಿದ್ದು ಕೇಳುಗರಿಗಿಂತ ಹೆಚ್ಚಾಗಿ ಉಪದೇಶಕರ ವರ್ಗಕ್ಕೇ ಸಲ್ಲುವ ಮಾತು. ನಮ್ಮ ಜಿಲ್ಲೆಯ ವೇದಿಕೆಗಳಲ್ಲಿ ಮೈಕು ಹಿಡಿಯುವ ಎಲ್ಲರೂ ಇದನ್ನು ಕೇಳಿಸಿಕೊಳ್ಳಬೇಕೆಂದು ನನ್ನ ಆಸೆ.

ಯೋನನ ಸಂಜೆ ಜನ ಹೆಚ್ಚು ಬಂದಿದ್ದರು, ಬಹುಶಃ ಎಲ್ಲರಿಗೂ ಗೊತ್ತಿರುವ ಕಥೆಯೆಂದು: ಅಶ್ಶೂರದ ನಿನೆವೆ ಪಟ್ಟಣಕ್ಕೆ ಹೋಗೆಂಬ ದೇವರ ಮಾತಿಗೆ ತಪ್ಪಿಸಿಕೊಂಡು ಹಡಗು ಹತ್ತಿದ ಪ್ರವಾದಿಯನ್ನು ದೊಡ್ಡ ಮೀನು ನುಂಗಿದ ಕಥೆ. ಉಪದೇಶಕರು ಮೊದಲ ಕಾಲು ಗಂಟೆಯನ್ನು ಮೀನಿನ ವಿಚಾರದಲ್ಲಿ, ಅದು ಸಾಧ್ಯವೋ ಅಲ್ಲವೋ ಎಂಬ ಚರ್ಚೆಯಲ್ಲಿ ಕಳೆದದ್ದು ದೊಡ್ಡ ನಷ್ಟ. ನಾಲ್ಕು ಅಧ್ಯಾಯಗಳ ಈ ಪುಸ್ತಕದಲ್ಲಿ ಮೀನಿಗಿರುವ ವಚನಗಳು ಬೆರಳೆಣಿಕೆಯಷ್ಟು. ಅದರಾಚೆಗೆ ಬಂದ ಮೇಲೆ ಮಾತು ಬಿಗಿಯಾಯಿತು. ಯೋನನು ನಿನೆವೆಯಲ್ಲಿ ಸಾರಿದ್ದು ಒಂದೇ ಸಾಲು: ಇನ್ನು 40 ದಿನಗಳಾದ ಮೇಲೆ ಈ ಪಟ್ಟಣ ಕೆಡವಲ್ಪಡುವುದು. ದೇವರ ಕಡೆಗೆ ತಿರುಗಿಕೊಂಡರೆ ಉಳಿಯುವಿರಿ ಎಂಬ ಮಾತು ಅದರಲ್ಲಿಲ್ಲ. ಆದರೂ ಅರಸನು ಸಿಂಹಾಸನದಿಂದ ಇಳಿದು ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕುಳಿತನು, ದನಕುರಿಗಳಿಗೂ ಉಪವಾಸ ಸಾರಿದನು. ನಾಶಮಾಡಲೇಬೇಕೆಂದಿರುವವನು ಗಡುವು ಕೊಡುವುದಿಲ್ಲ, 40 ದಿನ ಎಂದು ಹೇಳಿ ಕಳುಹಿಸಿದ್ದೇ ಕೃಪೆಯ ಮೊದಲ ಅಕ್ಷರ ಎಂದು ಉಪದೇಶಕರು ವಿವರಿಸಿದಾಗ ತೀರ್ಪಿನ ಸಾಲಿನೊಳಗೇ ಕೃಪೆ ಇರುವುದು ಕಣ್ಣಿಗೆ ಕಾಣಿಸಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇವರು ನಿನೆವೆಯನ್ನು ಉಳಿಸಿದಾಗ ಯೋನನಿಗೆ ಬಂದ ಕೋಪಕ್ಕೆ ಕಾರಣವಿತ್ತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಎರಡನೆಯ ಅರಸುಗಳ 14ನೆಯ ಅಧ್ಯಾಯದ ಪ್ರಕಾರ ಅಮಿತ್ತೈಯನ ಮಗನಾದ ಯೋನನು ಎರಡನೆಯ ಯಾರೊಬ್ಬಾಮನ ಕಾಲದವನು. ಆಮೋಸನೂ ಅದೇ ಅರಸನ ಕಾಲದವನೇ. ಕೆಲವೇ ದಶಕಗಳಲ್ಲಿ, ಕ್ರಿ.ಪೂ. 722ರ ಹೊತ್ತಿಗೆ, ಅಶ್ಶೂರದ ಸೈನ್ಯ ಇಸ್ರಾಯೇಲಿನ ರಾಜಧಾನಿಯಾದ ಸಮಾರ್ಯವನ್ನು ವಶಪಡಿಸಿಕೊಂಡಿತು. ಅಂದರೆ ಯೋನನು ಯಾರಿಗೆ ಕ್ಷಮೆ ಸಿಗಬಾರದೆಂದು ತಾರ್ಷೀಷಿನ ಹಡಗು ಹತ್ತಿದನೋ ಅವರ ಮಕ್ಕಳೇ ಅವನ ನಾಡನ್ನು ಕೊಚ್ಚಿಹಾಕಿದರು. ವಿಮೋಚನಕಾಂಡದ ಅದೇ ಸಾಲನ್ನು, ದೇವರು ದಯಾಳು, ಕೋಪದಲ್ಲಿ ನಿಧಾನಿ ಎಂಬುದನ್ನು, ಯೋನನು 4ನೆಯ ಅಧ್ಯಾಯದಲ್ಲಿ ದೂರಾಗಿ ಎತ್ತಿ ಹೇಳುತ್ತಾನೆ. ಮೊದಲ ಸಂಜೆ ನಾವು ಸ್ತುತಿಯಾಗಿ ಓದಿದ ಮಾತು ಮೂರನೆಯ ಸಂಜೆ ಆಪಾದನೆಯಾಗಿ ತಿರುಗಿ ಬಂದದ್ದು ಇಡೀ ಮಾಲೆಯ ಅತ್ಯಂತ ಜಾಣ ಹೆಣಿಗೆ. ತನಗೆ ನೆರಳು ಕೊಟ್ಟು ಒಣಗಿದ ಸೋರೆಗಿಡಕ್ಕಾಗಿ ಮರುಗುವ ಪ್ರವಾದಿಗೆ ದೇವರು, ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನರೂ ಬಹಳ ಪಶುಗಳೂ ಇರುವ ಆ ದೊಡ್ಡ ಪಟ್ಟಣಕ್ಕಾಗಿ ನಾನು ಮರುಗಬಾರದೋ ಎಂದು ಕೇಳುವ ಪ್ರಶ್ನೆಯನ್ನು ಓದಿ, ಯಾರನ್ನು ಕ್ಷಮಿಸಬಾರದೆಂದು ನೀವು ದೇವರಿಗೆ ಹೇಳುತ್ತಿದ್ದೀರಿ ಎಂದು ಉಪದೇಶಕರು ಕೇಳಿ ಸುಮ್ಮನಾದರು. ನನ್ನ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಸತ್ಯವೇದವನ್ನು ಮುಚ್ಚಿ, ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಅದರ ರಟ್ಟಿನ ಅಂಚನ್ನು ಉಜ್ಜುತ್ತಾ ಬಹಳ ಹೊತ್ತು ಕುಳಿತಿದ್ದರು. ತಮ್ಮನೊಡನೆ ಹೊಲದ ಬದುವಿನ ಜಗಳದಿಂದ ಅವರು ಮಾತು ಬಿಟ್ಟಿರುವುದು ಅಲ್ಲಿ ಹಲವರಿಗೆ ತಿಳಿದಿತ್ತು.

ಪ್ರಸಂಗದ ನಂತರ ಚೀಟಿಯಲ್ಲಿ ಪ್ರಶ್ನೆ ಬರೆದುಕೊಡುವ ವ್ಯವಸ್ಥೆ ಇತ್ತು. ಆ ಸಂಜೆ ಯಾರೋ ಒಬ್ಬರು, ನಿನೆವೆ ಕೊನೆಗೆ ಉಳಿಯಿತೇ ಎಂದು ಕೇಳಿದ್ದರು. ಉಪದೇಶಕರು ಅವಸರದ ಉತ್ತರ ಕೊಡದೆ ಮುಂದಿನ ವಾರದ ಆರಂಭದಲ್ಲಿ ನಿನೆವೆಯ ನಾಶವನ್ನು ಸಾರುವ ನಹೂಮನ ಪುಸ್ತಕವನ್ನು ತೆರೆದರು. ನಿನೆವೆ ಕ್ರಿ.ಪೂ. 612ರಲ್ಲಿ ಬಾಬೆಲಿನವರ ಮತ್ತು ಮೇದ್ಯರ ಕೈಯಲ್ಲಿ ನಾಶವಾಯಿತು, ಅದರ ಅವಶೇಷ ಇಂದಿನ ಇರಾಕಿನ ಮೊಸುಲ್ ಪಟ್ಟಣದಲ್ಲಿ, ಟೈಗ್ರಿಸ್ ನದಿಯ ಪೂರ್ವ ದಡದಲ್ಲಿದೆ. ಒಂದು ತಲೆಮಾರು ತಿರುಗಿಕೊಂಡದ್ದು ಮುಂದಿನ ತಲೆಮಾರಿಗೆ ಕ್ರೌರ್ಯದ ಪರವಾನಗಿಯಾಗಲಿಲ್ಲ. ಆದರೂ ಆ ಹಳೆಯ ತಲೆಮಾರಿನವರನ್ನೇ ಯೇಸು ತೀರ್ಪಿನ ದಿನದಲ್ಲಿ ಎದ್ದು ನಿಲ್ಲುವ ಸಾಕ್ಷಿಗಳೆಂದು ಹೆಸರಿಸುತ್ತಾನೆ ಎಂಬುದನ್ನು ಮತ್ತಾಯ 12ರಿಂದ ತೋರಿಸಿದರು. ಒಂದು ಚೀಟಿಗೆ ಇಷ್ಟು ಸಿದ್ಧತೆ ಮಾಡಿಕೊಂಡು ಬರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲೂಕ 13ರ ಸಂಜೆಯ ಬಗ್ಗೆ ಹೆಚ್ಚು ಬರೆಯಬೇಕಾಗಿದೆ. 2023ರಲ್ಲಿ ಮಳೆ ಕೈಕೊಟ್ಟಾಗ ಜಗಳೂರು ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಮೆಕ್ಕೆಜೋಳ ತೆನೆ ಕಟ್ಟುವ ಮುಂಚೆಯೇ ಒಣಗಿತು, ಕೊಳವೆಬಾವಿಯೂ ನಿಂತಿತು. ಅದೇ ದಿನಗಳಲ್ಲಿ ಒಂದು ಕೂಟದಲ್ಲಿ ಮಾತನಾಡಿದವರು, ದಶಮಾಂಶವನ್ನು ಸರಿಯಾಗಿ ಕೊಡದವರ ಹೊಲದ ಮೇಲೆ ದೇವರು ಆಕಾಶವನ್ನು ಮುಚ್ಚಿದ್ದಾನೆಂದು ಕೂಗಿ ಹೇಳಿದರು. ಬೆಳೆಯ ಹತ್ತರಲ್ಲೊಂದು ಪಾಲನ್ನು ಎಂದೂ ತಪ್ಪಿಸದ ಮಾವ ಮನೆಗೆ ಬಂದು ಒಂದು ಮಾತನ್ನೂ ಆಡಲಿಲ್ಲ, ಆಮೇಲೆ ಸಭೆಗೆ ಬರುವುದನ್ನೇ ನಿಲ್ಲಿಸಿದರು. ತೀರ್ಪಿನ ಬಗ್ಗೆ ತಪ್ಪಾಗಿ ಹೇಳಿದ ಒಂದು ಪ್ರಸಂಗ ಮನುಷ್ಯನಿಗೆ ಏನು ಮಾಡಬಲ್ಲದೆಂದು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಆದ್ದರಿಂದ ಈ ಭಾಗವನ್ನು ಉಪದೇಶಕರು ಹೇಗೆ ನಿಭಾಯಿಸುತ್ತಾರೆಂದು ಆತಂಕದಿಂದಲೇ ಕುಳಿತಿದ್ದೆ.

ಆ ಅಧ್ಯಾಯದ ಆರಂಭದಲ್ಲಿ ಕೆಲವರು ಬಂದು, ರೋಮ್ ಸರ್ಕಾರದ ಅಧಿಪತಿಯಾದ ಪಿಲಾತನು ಗಲಿಲಾಯದವರ ರಕ್ತವನ್ನು ಅವರ ಬಲಿಗಳ ಸಂಗಡ ಬೆರಸಿದ ಸುದ್ದಿಯನ್ನು ಯೇಸುವಿಗೆ ಹೇಳುತ್ತಾರೆ. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ನೆನಸುತ್ತೀರೋ ಎಂದು ಕೇಳಿ, ಹಾಗಲ್ಲ ಎಂದು ಆತನೇ ಉತ್ತರಿಸುತ್ತಾನೆ. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಜನರ ವಿಷಯದಲ್ಲೂ ಅದೇ ಉತ್ತರ. ಉಪದೇಶಕರು ಇಲ್ಲಿ ಧ್ವನಿ ಏರಿಸಲಿಲ್ಲ. ಒಬ್ಬನ ಹಕ್ಕಿ ಗೂಡಿನಂಥ ಬದುಕಿನ ಮೇಲೆ ಗೋಡೆ ಬಿದ್ದಾಗ ಅವನ ಪಾಪದ ಲೆಕ್ಕ ಹಾಕುವ ಕೆಲಸವನ್ನು ಯೇಸುವೇ ನಿಷೇಧಿಸಿದ್ದಾನೆ. ಬರ, ರೋಗ, ಅಪಘಾತಗಳಿಗೆ ಬಲಿಯಾದವರ ಕಡೆ ಬೆರಳು ತೋರಿಸುವ ಪ್ರಸಂಗ ಈ ವಾಕ್ಯಕ್ಕೆ ವಿರುದ್ಧವಾಗಿ ನಿಂತ ಪ್ರಸಂಗ ಎಂದು ಸ್ಪಷ್ಟವಾಗಿ ಹೇಳಿದರು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಸಮಾಧಾನದ ಮಾತು ಮಾತ್ರ ಆಗುತ್ತಿತ್ತು. ಆದರೆ ಯೇಸುವಿನ ಮಾತಿನ ಉಳಿದರ್ಧವನ್ನೂ ಅವರು ಬಿಡಲಿಲ್ಲ: ದೇವರ ಕಡೆಗೆ ತಿರುಗಿಕೊಳ್ಳದಿದ್ದರೆ ನೀವೆಲ್ಲರೂ ಹಾಗೆಯೇ ಹಾಳಾಗುವಿರಿ. ಸತ್ತವರ ಬಗ್ಗೆ ಕೇಳಿದ ಪ್ರಶ್ನೆ ಬದುಕಿರುವವರ ಕಡೆಗೆ ತಿರುಗಿತು. ತೀರ್ಪು ಇದೆ, ಆದರೆ ನೆರೆಯವನ ಒಣಗಿದ ಹೊಲವನ್ನು ನೋಡಿ ಅದನ್ನು ಓದುವ ಅಧಿಕಾರ ಯಾರಿಗೂ ಇಲ್ಲ.

ಅದರ ಬೆನ್ನಿಗೇ ಬರುವ ಅಂಜೂರದ ಮರದ ಸಾಮ್ಯವನ್ನು ಇಷ್ಟು ಚೆನ್ನಾಗಿ ಬಿಡಿಸಿದ್ದನ್ನು ನಾನು ಕೇಳಿರಲಿಲ್ಲ. ಮೂರು ವರ್ಷ ಹಣ್ಣು ಬಿಡದ ಮರ, ನೆಲವನ್ನು ಯಾಕೆ ಕೆಡಿಸಬೇಕು ಎನ್ನುವ ಯಜಮಾನ, ಈ ವರ್ಷವೂ ಬಿಡು ಎನ್ನುವ ತೋಟಗಾರ. ತೋಟಗಾರ ಬರೀ ಕಾಲಾವಕಾಶ ಕೇಳುವುದಿಲ್ಲ, ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಮರ ಏನನ್ನೂ ಮಾಡದಿರುವಾಗ ಬೆವರು ಸುರಿಸುವವನು ಅವನು. ಕೃಪೆಯೆಂದರೆ ಶಿಕ್ಷೆಯನ್ನು ಮುಂದೂಡುವುದಷ್ಟೇ ಅಲ್ಲ, ಹಣ್ಣು ಬರುವಂತೆ ಮರದ ಬುಡದಲ್ಲಿ ಮೊಣಕಾಲೂರಿ ದುಡಿಯುವುದು ಎಂದು ಉಪದೇಶಕರು ಹೇಳುವಾಗ, ದಾಳಿಂಬೆ ಅಡಿಕೆ ಬೆಳೆಯುವ ಜನರಿದ್ದ ಆ ಸಭೆಯಲ್ಲಿ ಅದು ಗಾಳಿಯ ಮಾತಾಗಿ ಉಳಿಯಲಿಲ್ಲ. ಇನ್ನೂ ಒಂದನ್ನು ಅವರು ಗಮನಕ್ಕೆ ತಂದರು: ಮುಂದಿನ ವರ್ಷ ಮರ ಹಣ್ಣು ಬಿಟ್ಟಿತೋ ಇಲ್ಲವೋ ಲೂಕನು ಹೇಳುವುದಿಲ್ಲ, ಯೋನನು ದೇವರ ಪ್ರಶ್ನೆಗೆ ಏನು ಉತ್ತರ ಕೊಟ್ಟನೆಂದೂ ಆ ಪುಸ್ತಕ ಹೇಳುವುದಿಲ್ಲ.

ಈ ಪ್ರಸಂಗದ ಧ್ವನಿಮುದ್ರಣವನ್ನು ಮಾವನ ಮೊಬೈಲಿಗೆ ಕಳುಹಿಸಿದೆ. ಎರಡು ದಿನ ಬಿಟ್ಟು ಅವರೇ ಕರೆ ಮಾಡಿ, "ಹಂಗಾದ್ರೆ ನನ್ನ ಹೊಲ ಶಾಪದ ಹೊಲ ಅಲ್ಲ ಅಂದಂಗಾತಲ್ಲೋ" ಎಂದರು. ಅಲ್ಲ ಮಾವ ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಕೊನಿಗೆ ನನ್ನ ಕಡಿಗೂ ಒಂದು ಮಾತು ಹೇಳಿ ಬಿಟ್ನಪ್ಪ ಅಯ್ಯನೋರು" ಎಂದರು. ಒಂದು ಪ್ರಸಂಗದಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳುವುದಿಲ್ಲ.

ಐದನೆಯ ಸಂಜೆ ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯ. ಎಲ್ಲರೂ ಪಾಪಮಾಡಿದ್ದಾರೆ, ಆದರೆ ಕ್ರಿಸ್ತ ಯೇಸುವಿನ ಬಿಡುಗಡೆಯ ಮೂಲಕ ಉಚಿತವಾಗಿ ನೀತಿವಂತರೆಂದು ನಿರ್ಣಯಿಸಲ್ಪಡುತ್ತಾರೆ, ಇದರಿಂದ ದೇವರು ತಾನೂ ನ್ಯಾಯವಂತನಾಗಿದ್ದು ನಂಬುವವನನ್ನೂ ನೀತಿವಂತನೆಂದು ಎಣಿಸುತ್ತಾನೆ ಎಂಬ ಪೌಲನ ವಾದವೇ ಈ ಇಡೀ ವಿಷಯದ ಗಂಟು. ಅದನ್ನು ಬಿಚ್ಚಬೇಕಾದ ಕಡೆ ಉಪದೇಶಕರು ಎಲ್ಲರೂ ಕೇಳಿರುವ ನ್ಯಾಯಾಧೀಶನ ದೃಷ್ಟಾಂತಕ್ಕೆ ಶರಣಾದರು: ದಂಡ ವಿಧಿಸಿದ ನ್ಯಾಯಾಧೀಶನು ಪೀಠದಿಂದ ಇಳಿದು ಬಂದು ಆರೋಪಿಯ ದಂಡವನ್ನು ತಾನೇ ಕಟ್ಟಿದನು ಎಂಬುದು. ಇದರಿಂದ ಪಾಪವು ಹಣ ಕಟ್ಟಿ ಮುಗಿಸುವ ಬಾಕಿಯಂತೆ ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾತಿನ ಭರದಲ್ಲಿ ತಂದೆಯ ಕೋಪಕ್ಕೂ ನಮಗೂ ನಡುವೆ ಮಗನು ಅಡ್ಡ ಬಂದನೆಂಬ ಚಿತ್ರ ಮೂಡಿತು. ಕೋಪಿಸಿಕೊಳ್ಳುವ ತಂದೆ, ಮರುಗುವ ಮಗ ಎಂಬ ಈ ಹಂಚಿಕೆಯನ್ನು ಅಪೊಸ್ತಲರು ಎಲ್ಲಿಯೂ ಮಾಡಿಲ್ಲ. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಡನೆ ಸಮಾಧಾನಪಡಿಸಿಕೊಂಡನೆಂದು ಎರಡನೆಯ ಕೊರಿಂಥ 5 ಹೇಳುತ್ತದೆ. ನಾವು ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತದ್ದರಲ್ಲಿ ದೇವರೇ ತನ್ನ ಪ್ರೀತಿಯನ್ನು ತೋರಿಸಿದನೆಂದು ಅದೇ ರೋಮಾಪುರದ ಪತ್ರಿಕೆಯ 5ನೆಯ ಅಧ್ಯಾಯ ಹೇಳುತ್ತದೆ. ಮೊದಲ ಸಂಜೆ ಒಂದೇ ದೇವರ ಒಂದೇ ಮಾತು ಎಂದು ಕಟ್ಟಿದ್ದನ್ನು ಐದನೆಯ ಸಂಜೆ ಅವರೇ ಅರಿಯದೆ ಒಡೆದರು. ಪ್ರಶ್ನೆಯ ಹೊತ್ತಿನಲ್ಲಿ ಇದನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಓದಿ, ಈ ತಿದ್ದುಪಡಿ ಬೇಕಿತ್ತು ಎಂದು ಒಪ್ಪಿಕೊಂಡರು.

ಕುರುಬನು ಕುರಿಗಳನ್ನು ಬಲಕ್ಕೂ ಮೇಕೆಗಳನ್ನು ಎಡಕ್ಕೂ ಬೇರ್ಪಡಿಸುವಂತೆ ತೀರ್ಪಿನಲ್ಲಿ ಜನರನ್ನು ಬೇರ್ಪಡಿಸುವ ಮತ್ತಾಯ 25ರ ಭಾಗದೊಂದಿಗೆ ಮಾಲೆ ಮುಗಿಯಿತು. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಸೆರೆಯಲ್ಲಿದ್ದವನ ಭೇಟಿ, ಇವುಗಳ ಮೇಲೆ ನಡೆಯುವ ತೀರ್ಪಿಗೂ, ಕೃಪೆಯಿಂದಲೇ ರಕ್ಷಣೆಯೆನ್ನುವ ಎಫೆಸದವರ ಪತ್ರಿಕೆಗೂ ಹೇಗೆ ಹೊಂದುತ್ತದೆ ಎಂಬ ಹಳೆಯ ಪ್ರಶ್ನೆಯನ್ನು ಅವರು ಎಫೆಸ 2ರ 8 ಮತ್ತು 9ನೆಯ ವಚನಗಳನ್ನು, ಸತ್ಕ್ರಿಯೆಗಳಿಗಾಗಿಯೇ ನಾವು ಸೃಷ್ಟಿಸಲ್ಪಟ್ಟೆವೆನ್ನುವ 10ನೆಯದರಿಂದ ಬೇರ್ಪಡಿಸದೆ ಓದಿಸಿ ಚೆನ್ನಾಗಿಯೇ ಬಗೆಹರಿಸಿದರು. ಬಲಗಡೆಯವರೂ ಎಡಗಡೆಯವರೂ ಇಬ್ಬರೂ "ಯಾವಾಗ ನಿನ್ನನ್ನು ಕಂಡೆವು" ಎಂದು ಆಶ್ಚರ್ಯಪಡುತ್ತಾರೆ ಎಂಬುದರ ಮೇಲೆ ನಿಂತು ಮಾತಾಡಿದ್ದೂ ಸರಿಯಾಗಿತ್ತು. ಆದರೆ 46ನೆಯ ವಚನ ಬಂದಾಗ, ನಿತ್ಯದಂಡನೆಯ ಮಾತು ಬಂದಾಗ, ಓದಿ ಒಂದು ವಾಕ್ಯದ ವಿವರಣೆಯೂ ಇಲ್ಲದೆ ಪ್ರಾರ್ಥನೆಗೆ ತಿರುಗಿದರು. ಹೊತ್ತಾಗಿತ್ತು ಎಂಬುದು ನಿಜ. ಆದರೆ ಆರು ವಾರ ತೀರ್ಪಿನ ಬಗ್ಗೆ ಕೇಳಲು ಬಂದವರು ಆ ವಚನದ ಮುಂದೆ ಅವರು ಏನು ಹೇಳುತ್ತಾರೆಂದು ಕಾದಿದ್ದರು. ಹೆದರಿಸುವವರ ಕೈಯಲ್ಲಿ ಈ ವಚನ ದುರುಪಯೋಗವಾಗಿದೆ ಎಂಬ ಕಾರಣಕ್ಕೇ, ಆಮೋಸನನ್ನೂ ಲೂಕನನ್ನೂ ಅಷ್ಟು ಪ್ರಾಮಾಣಿಕವಾಗಿ ನಿಭಾಯಿಸಿದವರ ಬಾಯಿಂದ ಅದನ್ನು ಕೇಳಬೇಕಿತ್ತು.

ಅದೇ ಸಂಜೆಯ ಚೀಟಿಗಳ ನಡುವೆ ಒಬ್ಬ ತಾಯಿ ಚೀಟಿ ಬರೆಯದೆ ಎದ್ದು ನಿಂತು ಕೇಳಿದರು: "ಅಯ್ಯನವರೇ, ನಮ್ಮ ಯಜಮಾನರು ಕುಡಿದು ಕುಡಿದೇ ಹೋದರು. ಕೊನೇ ದಿನ ಬಾಯಿ ಬಿದ್ದಿತ್ತು, ಏನೂ ಹೇಳಲಿಲ್ಲ. ಅವರು ಯಾವ ಕಡೆ?" ಉಪದೇಶಕರು ವೇದಿಕೆಯಿಂದ ಇಳಿದು ಅವರ ಬೆಂಚಿನ ಹತ್ತಿರ ಬಂದರು. "ಅಮ್ಮಾ, ಆ ಕಡೆ ಈ ಕಡೆ ಮಾಡುವ ಕೆಲಸ ನನಗೆ ಕೊಟ್ಟಿಲ್ಲ" ಎಂದು ಹೇಳಿ, ನಾಶವಾಗಲಿದ್ದ ಸೊದೋಮ್ ಪಟ್ಟಣಕ್ಕಾಗಿ 50 ಜನ ನೀತಿವಂತರಿಂದ 10ರವರೆಗೆ ಬೇಡುತ್ತಾ ಹೋದ ಅಬ್ರಹಾಮನ ಮಾತನ್ನು, ಸರ್ವಲೋಕದ ನ್ಯಾಯಾಧಿಪತಿಯು ನ್ಯಾಯವನ್ನೇ ನಡಿಸನೋ ಎಂಬುದನ್ನು ಓದಿದರು. ಆಕೆಯ ಗಂಡ ಸ್ವರ್ಗದಲ್ಲಿದ್ದಾನೆಂದು ಹೇಳಿ ಸಂತೈಸಲೂ ಇಲ್ಲ, ನರಕದಲ್ಲಿದ್ದಾನೆಂದು ಸೂಚಿಸಲೂ ಇಲ್ಲ. ಆ ತಾಯಿಯ ಜೊತೆ ಸಭೆಯ ಇಬ್ಬರು ಹೆಂಗಸರು ಮನೆಯವರೆಗೆ ಹೋದರು.

ವ್ಯವಸ್ಥೆಯ ಬಗ್ಗೆ ಸ್ವಲ್ಪ. ಸಂಜೆ ಆರೂವರೆಗೆ ಎಂದರೆ ಆರೂವರೆಗೇ ಆರಂಭ. ಪ್ರತಿ ಸಲವೂ ಕೀರ್ತನೆ 130ನ್ನು ಒಂದು ಸಾಲು ಓದುವವರು, ಒಂದು ಸಾಲು ಸಭೆ ಎಂದು ಸರತಿಯಲ್ಲಿ ಓದಿಸುತ್ತಿದ್ದರು. ಪಾಪಗಳನ್ನು ಎಣಿಸಿದರೆ ಯಾರು ನಿಂತಾರು, ಆದರೆ ನಿನ್ನಲ್ಲಿ ಕ್ಷಮೆಯುಂಟು ಎನ್ನುವ ಆ ಕೀರ್ತನೆಗಿಂತ ಈ ವಿಷಯಕ್ಕೆ ಒಪ್ಪುವ ಪಾಠ ಇನ್ನೊಂದಿಲ್ಲ. ಕಾಣಿಕೆ ಎತ್ತಲಿಲ್ಲ, ಮುಂದಿನ ಕೂಟಕ್ಕೆಂದು ಹಣವನ್ನೂ ಕೇಳಲಿಲ್ಲ. ವಾಕ್ಯಭಾಗವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಹಾಳೆ ಬಾಗಿಲಲ್ಲೇ ಸಿಗುತ್ತಿತ್ತು, ಸತ್ಯವೇದವನ್ನು ತೆರೆದು ಅಭ್ಯಾಸವಿಲ್ಲದವರಿಗೆ ಇದರಿಂದ ಬಹಳ ಉಪಕಾರವಾಯಿತು. ಮಾರ್ಚಿಯ ಸೆಕೆಗೆ ಇದ್ದ ಫ್ಯಾನುಗಳು ಸಾಲಲಿಲ್ಲ. ಹಿಂದಿನ ಸಾಲುಗಳಿಗೆ ಧ್ವನಿ ಸ್ಪಷ್ಟವಾಗಿ ಬರುತ್ತಿರಲಿಲ್ಲ, ಆದ್ದರಿಂದ ಬೇಗ ಹೋಗಿ ಮುಂದೆ ಕೂರುವುದು ಒಳ್ಳೆಯದು. ಮಕ್ಕಳಿಗೆ ಬೇರೆ ವ್ಯವಸ್ಥೆ ಇರಲಿಲ್ಲವಾದ್ದರಿಂದ ಎಳೆಯ ಮಕ್ಕಳ ತಾಯಂದಿರು ಅರ್ಧ ಪ್ರಸಂಗವನ್ನು ಹೊರಗೆ ನಿಂತೇ ಕೇಳಬೇಕಾಯಿತು. ಕೃಪೆಯನ್ನು ಸಾರುವ ಸಭೆ ಇದನ್ನು ಮೊದಲು ಸರಿಪಡಿಸಬೇಕು. ಪ್ರಸಂಗ ಮುಗಿದ ಮೇಲೆ ಚಹಾ, ಮಂಡಕ್ಕಿ ಇರುತ್ತಿತ್ತು, ಉಪವಾಸ ಬಿಡುವವರು ಅಲ್ಲೇ ಬಿಡುತ್ತಿದ್ದರು.

ದೇವರ ಕೋಪದ ಮಾತಿಗೆ ಹೆದರಿ ಸಭೆಯಿಂದ ದೂರ ಸರಿದವರಿಗೆ ಆಮೋಸ ಮತ್ತು ಲೂಕ 13ರ ಧ್ವನಿಮುದ್ರಣಗಳನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ತೀರ್ಪೆಂಬುದೇ ಇಲ್ಲ, ಎಲ್ಲವೂ ಪ್ರೀತಿಯೇ ಎಂದುಕೊಂಡವರು ಯೋನನಿಂದ ಆರಂಭಿಸಿ ನಹೂಮನ ಉತ್ತರವನ್ನೂ ಸೇರಿಸಿ ಕೇಳಬೇಕು. ರೋಮಾಪುರದ ಪ್ರಸಂಗವನ್ನು ಕೊನೆಯ ಪ್ರಶ್ನೋತ್ತರವಿಲ್ಲದೆ ಕೇಳುವುದು ಬೇಡ. ಧ್ವನಿಮುದ್ರಣಗಳನ್ನು ಸಭೆಯವರು ಕೇಳಿದವರಿಗೆಲ್ಲ ಮೊಬೈಲಿಗೆ ಉಚಿತವಾಗಿ ಕಳುಹಿಸುತ್ತಾರೆ. ಈಸ್ಟರ್ ಕಳೆದ ಮೇಲೆ ಭಾನುವಾರ ಮಧ್ಯಾಹ್ನಗಳಲ್ಲಿ ಇದೇ ವಿಷಯದ ಮುಂದುವರಿದ ಅಧ್ಯಯನ ನಡೆಸುವ ಯೋಚನೆ ಅವರಿಗಿದೆ. ಮತ್ತಾಯ 25ರ 46ನೆಯ ವಚನವನ್ನೂ ಕೊನೆಯ ನ್ಯಾಯತೀರ್ಪನ್ನು ವರ್ಣಿಸುವ ಪ್ರಕಟನೆಯ 20ನೆಯ ಅಧ್ಯಾಯವನ್ನೂ ಮೊದಲ ಭಾನುವಾರವೇ ತೆಗೆದುಕೊಳ್ಳಬೇಕೆಂದು ಚೀಟಿ ಬರೆದು ಕೊಟ್ಟಿದ್ದೇನೆ.